ಮಾರ್ಜಿನ್ ಹಣ ಎಲ್ಲಿಂದ ಬರಬೇಕು?



2016ರಲ್ಲಿ ಕೇಂದ್ರ ಸರ್ಕಾರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ ತಂದಿತು. ಪ್ರತಿ ಬ್ಯಾಂಕ್ ಶಾಖೆಯೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಿಗೆ, ಒಬ್ಬ ಮಹಿಳೆಗೆ ಹೊಸ ಉದ್ಯಮಕ್ಕೆಂದು 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಸಾಲ ಕೊಡಬೇಕು ಎಂದಿತು. ಒಳ್ಳೆಯದೇ. ಆದರೆ ಮಾರ್ಜಿನ್ ಹಣ ಶೇ. 25ರವರೆಗೆ ಬೇಕಿತ್ತು, 2021ರ ಬಜೆಟ್ ಅದನ್ನು ಶೇ. 15ಕ್ಕೆ ಇಳಿಸಿತು. ಇಳಿಸಿದರೂ 20 ಲಕ್ಷದ ಘಟಕಕ್ಕೆ 3 ಲಕ್ಷ! ಉಳ್ಳವರ ಮಕ್ಕಳಿಗೆ ಅಪ್ಪನೋ ಮಾವನೋ ಕೊಡುತ್ತಾರೆ. ಕೂಲಿ ಮಾಡುವ ಮನೆಯ ಹುಡುಗಿ ಯಾರನ್ನು ಕೇಳಬೇಕು? ಬುದ್ಧಿ ಇದ್ದೂ ಅವಳು ಅರ್ಜಿಯನ್ನೇ ಹಾಕುವುದಿಲ್ಲ.

ಶಾಲೆಗೆ ಸ್ವಾಗತ ಕಮಾನು ಕಟ್ಟಿಸಲು ನಾವು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದೇವೆ. ಕಮಾನು ಚೆನ್ನಾಗಿಯೇ ಇರುತ್ತದೆ, ಬೇಡ ಎನ್ನುವುದಿಲ್ಲ. ಆದರೆ ಈ ವರ್ಷದ ಹಣ ಇಂಥ ಇಬ್ಬರ ಮಾರ್ಜಿನ್ ಹಣಕ್ಕೆ ಹೋಗಲಿ. ಬಡ್ಡಿ ಬೇಡ, ವ್ಯಾಪಾರ ಕುದುರಿದ ಮೇಲೆ ತೀರಿಸಲಿ. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ನಾನು ಕೂರುತ್ತೇನೆ. ಒಪ್ಪುವವರು ಊಟಕ್ಕೆ ಹೋಗುವ ಮುನ್ನ ಹೆಸರು ಬರೆಸಿ.