ಸೆರಗಿನ ಕೊಂಡಿ

ಮನೆಯಲ್ಲಿ ಕೈಮಗ್ಗದ ಇಳಕಲ್ ಸೀರೆ ಇದೆಯೇ ಮಕ್ಕಳೇ? ಇದ್ದರೆ ದೊಡ್ಡವರನ್ನು ಕೇಳಿ, ಕೈ ತೊಳೆದುಕೊಂಡು, ಚಾಪೆಯ ಮೇಲೆ ಮೆಲ್ಲಗೆ ಹರಡಿ. ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಿನ ನೇಕಾರರು ಅದರಲ್ಲೊಂದು ಸೊಗಸಾದ ಗುಟ್ಟು ಅಡಗಿಸಿಟ್ಟಿದ್ದಾರೆ. ನಾವೆಲ್ಲ ಸೇರಿ ಹುಡುಕೋಣ.

ಮೊದಲು, ಬಟ್ಟೆ ಆಗುವುದು ಹೇಗೆ? ಮಗ್ಗದ ಮೇಲೆ ಉದ್ದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ಲಾಳಿ ಅತ್ತಿಂದಿತ್ತ ಓಡಿ ಅಡ್ಡಕ್ಕೆ ತೂರಿಸುವ ನೂಲೇ ಹೊಕ್ಕು. ಹೊಕ್ಕಿನ ಎಳೆ ಒಂದು ಹಾಸಿನ ಮೇಲೆ ಹತ್ತಿ, ಮುಂದಿನದರ ಕೆಳಗೆ ನುಸುಳಿ, ಮತ್ತೆ ಮೇಲೆ ಬರುತ್ತದೆ. ಸೀರೆಯ ಅಗಲದಲ್ಲಿ ಇಂಥ ಹಾಸಿನ ಎಳೆಗಳು ಸಾವಿರಾರು ಇರುತ್ತವೆ.

ಬೇರೆ ಎಷ್ಟೋ ಸೀರೆಗಳಲ್ಲಿ ಹಾಸಿನ ಎಳೆ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಇಳಕಲ್ ಸೀರೆಯಲ್ಲಿ ಹಾಗಲ್ಲ! ಮೈಗೆ ಹತ್ತಿ ನೂಲಿನ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಹಾಸು.

ಯಾಕೆ ಎರಡು ಬಗೆ? ಹತ್ತಿಯ ಒಂದೊಂದು ನಾರೂ ಸುಮಾರು 3 ಸೆಂಟಿಮೀಟರ್ ಉದ್ದ, ಅಷ್ಟೇ. ಅಂಥ ಎಷ್ಟೋ ನಾರುಗಳನ್ನು ಹುರಿ ಮಾಡಿದರೆ ನೂಲು. ಅದು ಬೆವರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಬಿಸಿಲೂರಿಗೆ ಹೇಳಿ ಮಾಡಿಸಿದ ಹಾಗೆ. ರೇಷ್ಮೆಯೋ, ಒಂದೇ ಗೂಡಿನಿಂದ ನೂರಾರು ಮೀಟರ್ ಬಿಡಿಸಬಹುದಾದ ನುಣುಪಾದ ಎಳೆ. ಬೆಳಕು ಬಿದ್ದರೆ ಮಿನುಗುತ್ತದೆ, ಆದರೆ ದುಬಾರಿ. ಎಲ್ಲರ ಕಣ್ಣಿಗೂ ಬೀಳುವ ಸೆರಗಿಗೆ ಅದನ್ನು ಇಟ್ಟದ್ದು ಬಲು ಜಾಣತನ ಎಂದೇ ನನಗೆ ತೋರುತ್ತದೆ.

ಈಗ ಸೆರಗು ಶುರುವಾಗುವ ಜಾಗಕ್ಕೆ ಕಣ್ಣಿಡಿ. ಬಣ್ಣ ತಟ್ಟನೆ ಬದಲಾಗುವ ಒಂದು ಗೆರೆ ಕಾಣಿಸಿತೇ? ಸೂಜಿ ಹೊಲಿಗೆ ಎಲ್ಲೂ ಇಲ್ಲ. ಭೂತಗನ್ನಡಿ ಹಿಡಿದು ನೋಡಿ: ಹತ್ತಿಯ ಎಳೆ ಮಡಿಚಿಕೊಂಡು ಪುಟ್ಟ ಕೊಂಡಿಯಾಗಿದೆ, ಅದರೊಳಗೆ ರೇಷ್ಮೆಯ ಕೊಂಡಿ ಸಿಕ್ಕಿಕೊಂಡಿದೆ. ನಿಮ್ಮ ಎರಡು ತೋರುಬೆರಳನ್ನು ಬಾಗಿಸಿ ಒಂದಕ್ಕೊಂದು ಸಿಕ್ಕಿಸಿ ಎಳೆದರೆ ಹೇಗಿರುತ್ತದೋ, ಹಾಗೆ. ಈ ಕೂಡಿಸುವ ಕೆಲಸಕ್ಕೆ ಇಳಕಲ್ ನೇಕಾರರು ಟೋಪ ತೆನಿ ಎನ್ನುತ್ತಾರೆ.

ಆದರೆ ಬರೀ ಕೊಂಡಿ ಹಾಕಿದರೆ ಸಾಕೇ? ಒಂದು ಪರೀಕ್ಷೆ ಮಾಡೋಣ. ಬೇರೆ ಬೇರೆ ಬಣ್ಣದ ಎರಡು ದಾರ ತೆಗೆದುಕೊಳ್ಳಿ. ಎರಡನ್ನೂ ನಡುವೆ ಮಡಿಚಿ, ಒಂದರ ಮಡಿಕೆಯೊಳಗೆ ಇನ್ನೊಂದರ ಮಡಿಕೆ ಸಿಕ್ಕಿಸಿ. ಎರಡೂ ದಾರಗಳ ಎರಡೆರಡು ತುದಿಗಳನ್ನೂ ಒಟ್ಟಿಗೆ ಹಿಡಿದು ಎಳೆಯಿರಿ, ಬಿಡುವುದೇ ಇಲ್ಲ. ಈಗ ಒಂದು ದಾರದ ಒಂದು ತುದಿಯನ್ನು ಬಿಟ್ಟು ಎಳೆಯಿರಿ. ಸರಕ್ಕನೆ ಜಾರಿಹೋಯಿತಲ್ಲ!

ಹಾಗಾದರೆ ಸೀರೆಯಲ್ಲಿ ಅಷ್ಟೂ ತುದಿಗಳನ್ನು ಹಿಡಿದುಕೊಂಡವರು ಯಾರು? ನಮ್ಮ ಹೊಕ್ಕು. ಮೇಲೆ ಕೆಳಗೆ ನುಸುಳಿ ಹೋದ ಅದರ ಎಳೆಗಳು ಹಾಸಿನ ಪ್ರತಿ ಎಳೆಯನ್ನೂ ಒತ್ತಿ ಹಿಡಿದಿರುತ್ತವೆ. ಒಂದಕ್ಕೊಂದು ಉಜ್ಜಿಕೊಂಡ ವಸ್ತುಗಳು ಜಾರದಂತೆ ತಡೆಯುವ ಈ ಬಲದ ಹೆಸರು ಘರ್ಷಣೆ. ಹಾಸು ಹೊಕ್ಕು ಸೇರುವ ಒಂದು ದಾಟಿನಲ್ಲಿ ಅದು ಅತ್ಯಲ್ಪ. ಆದರೆ ಒಂದೊಂದು ಎಳೆಗೂ ಇಂಥ ಸಾವಿರಾರು ದಾಟುಗಳಿದ್ದರೆ? ಎಳೆ ಜಾರುವುದಾದರೂ ಎಲ್ಲಿಗೆ! ಉಟ್ಟು, ಒಗೆದು, ಹಿಂಡಿ, ಒಣಗಿಸಿದರೂ ಕೊಂಡಿ ಕಳಚದು.

ಈ ಬಿಗಿಯ ಹಿಂದೆ ಕೈಗಳ ದುಡಿಮೆ ಬಹಳವಿದೆ. ಬೇರೆ ಕಡೆ ಒಂದೇ ಉದ್ದನೆಯ ಹಾಸಿನಲ್ಲಿ ಹಲವು ಸೀರೆ ನೇಯಬಹುದು. ಇಲ್ಲಿ ಸೀರೆಗೊಂದು ಹಾಸು ಹೂಡಬೇಕು, ಪ್ರತಿ ಸಲವೂ ಕೊಂಡಿಗಳನ್ನು ಕೈಯಿಂದಲೇ ಕೂಡಿಸಬೇಕು. ಆಮೇಲೆ ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ ಮೂಡುತ್ತವೆ.

ಈಗ ಕಾಲೇಜಿನ ಅಕ್ಕಂದಿರೂ ಈ ಸೀರೆಯನ್ನು ಹಬ್ಬಕ್ಕೆ ಉಡುತ್ತಾರೆ, ಕುರ್ತಾ ಹೊಲಿಸುತ್ತಾರೆ. ಪವರ್‌ಲೂಮಿನಲ್ಲಿ ನೇಯ್ದ, ಕೊಂಡಿಯಿಲ್ಲದ ಸೀರೆಗಳೂ ಇಳಕಲ್ ಹೆಸರಿನಲ್ಲೇ ಅಂಗಡಿಗೆ ಬಂದಿವೆ. ಬೇರೆಯವರ ಮನೆಯಲ್ಲೋ ಅಂಗಡಿಯಲ್ಲೋ ಇಳಕಲ್ ಸೀರೆ ಕಂಡರೆ ಸೆರಗಿನ ಹಿಂಬದಿ ತಿರುಗಿಸಿ, ಗೆರೆಯ ಮೇಲೆ ಬೆರಳಾಡಿಸಿ, ಕೊಂಡಿ ಇದೆಯೋ ಇಲ್ಲವೋ ನೀವೇ ಹೇಳಿ.