ಕಿತ್ತೂರಿನಿಂದ ರಾಮದುರ್ಗಕ್ಕೆ ಸೈಕಲ್ ಮೇಲೆ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕೂಲಿ ಕಾರ್ಮಿಕರೊಬ್ಬರು ಮಗನ ಔಷಧಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಬ್ಬರೇ ಸೈಕಲ್ ಮೇಲೆ ಹೋಗಿ ಬಂದರು. ಸುಮಾರು 300 ಕಿಲೋಮೀಟರ್! ಪತ್ರಿಕೆಯಲ್ಲಿ ಅದನ್ನು ಓದಿದಾಗ ನನಗೆ ನನ್ನದೇ ಒಂದು ಸಣ್ಣ ಪ್ರಯಾಣ ನೆನಪಾಯಿತು.

2016ರಲ್ಲಿ ನನ್ನ ಖಾಸಗಿ ಶಾಲೆಯ ಕೆಲಸ ಹೋಯಿತು. ಅದೇ ತಿಂಗಳು ನಿಶ್ಚಯವಾಗಿದ್ದ ಮದುವೆಯೂ ಮುರಿಯಿತು. ಓಣಿಯಲ್ಲಿ ಯಾರ ಸಲಾಮೂ ಬೇಡವಾಗಿತ್ತು. ಬದುಕೇ ಬೇಡ ಎಂಬ ವಿಚಾರವೂ ಬಂದಿತ್ತು. ಎದುರಿಗೆ ವಿದ್ಯಾರ್ಥಿಗಳು ಕುಳಿತಿದ್ದಾರೆ, ಅದಕ್ಕೇ ಇದನ್ನು ಬಾಯಿ ಬಿಟ್ಟು ಹೇಳುತ್ತಿದ್ದೇನೆ.

ಡಿಸೆಂಬರಿನ ಒಂದು ನಸುಕಿನಲ್ಲಿ ಅಬ್ಬಾರ ಹಳೆಯ ಸೈಕಲ್ ತೆಗೆದು, ರಾಮದುರ್ಗದ ಖಾಲಾ ಮನೆಗೆ ಹೋಗುತ್ತೇನೆಂದು ಅಮ್ಮಿಗೆ ಹೇಳಿ ಕಿತ್ತೂರಿನಿಂದ ಹೊರಟೆ. ದಾರಿ ಸುಮಾರು ನೂರು ಕಿಲೋಮೀಟರ್.

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನವರ ಸಮಾಧಿಯ ಬಳಿ ಇಳಿದೆ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಗೆದ್ದ ರಾಣಿ ಅದೇ ವರ್ಷ ಸೆರೆಯಾಗಿ, 1829ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡರು. ನಮ್ಮ ಪಾಠಗಳಲ್ಲಿ ಗೆಲುವಿನ ದಿನಕ್ಕೆ ಸಿಗುವ ಜಾಗ ಆ ಸೆರೆಯ ವರ್ಷಗಳಿಗೆ ಸಿಗುವುದಿಲ್ಲ. ಆ ದಿನ ನನಗೆ ಬೇಕಾಗಿದ್ದದ್ದು ಆ ವರ್ಷಗಳೇ.

ಅಲ್ಲಿಂದ ಮುಂದೆ ಎರಿ ಹೊಲ, ಎರಡೂ ಕಡೆ ಹಿಂಗಾರಿ ಜೋಳ, ಮುಖಕ್ಕೆ ಗಾಳಿ. ದುಃಖ ಹೋಗಲಿಲ್ಲ. ಆದರೆ ಎದುರುಗಾಳಿಯಲ್ಲಿ ಪೆಡಲ್ ತುಳಿಯುವವನಿಗೆ ಮುಂದಿನ ಏರು, ಉಳಿದ ನೀರು, ಹಿಂದಿನ ಗಾಲಿ, ಇಷ್ಟೇ ಚಿಂತೆ. ಸವದತ್ತಿಯಲ್ಲಿ ಆ ಗಾಲಿಯೂ ಪಂಕ್ಚರ್ ಆಯಿತು.

ಅಂಗಡಿಯ ಮುದುಕ ಟ್ಯೂಬು ನೀರಿಗೆ ಹಾಕುತ್ತಾ ಕೇಳಿದ: "ಎಲ್ಲಿಂದ ಬಂದ್ರಿ?"

"ಕಿತ್ತೂರಿಂದ್ರಿ."

"ಸೈಕಲ್ ಮ್ಯಾಲ? ಮೊದಲ ಚಾ ಕುಡೀರಿ. ಏನ್ ಕೆಲಸಾ ಮಾಡ್ತೀರಿ?"

"ಮಾಸ್ತರ ಅದೀನ್ರಿ" ಎಂದೆ. ಕೆಲಸ ಹೋದ ಮೇಲೆ ಆ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಸೈಕಲ್ಲೇ ಔಷಧಿ ಎಂದು ನಾನು ಹೇಳುವುದಿಲ್ಲ. ಮನಸ್ಸು ತೀರಾ ಕುಸಿದವರು ವೈದ್ಯರನ್ನೇ ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ, ನಾಚಿಕೆ ಬೇಡ. ಇನ್ನು ಒಬ್ಬರೇ ಹೊರಡುವವರು ಎಲ್ಲಿಗೆ ಎಂದು ಮನೆಯಲ್ಲಿ ಹೇಳಿಯೇ ಹೊರಡಿರಿ. ನಾನು ಹೇಳಿ ಹೊರಟಿದ್ದರಿಂದಲೇ ರಾಮದುರ್ಗದಲ್ಲಿ ನನ್ನ ದಾರಿ ಕಾಯುವವರಿದ್ದರು.

ಇಶಾ ಹೊತ್ತಿಗೆ ಮುಟ್ಟಿದೆ. ಖಾಲಾ ಕಾಲಿಗೆ ಬಿಸಿನೀರು ಕೊಟ್ಟರು, ರೊಟ್ಟಿ ಬಡಿಸಿದರು, ಏನೂ ಕೇಳಲಿಲ್ಲ. ಬೆಳಿಗ್ಗೆ ಮಾತ್ರ, "ನಿನ್ನ ತಮ್ಮನಿಗೆ ಕನ್ನಡ ವ್ಯಾಕರಣ ಹತ್ತುವುದಿಲ್ಲ, ಸ್ವಲ್ಪ ಹೇಳಿಕೊಡು ಬೇಟಾ" ಎಂದರು. ನಾಲ್ಕು ದಿನಕ್ಕೆಂದು ಹೋದವನು ಅವನ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುವವರೆಗೆ ಅಲ್ಲಿಯೇ ಉಳಿದೆ.