ಕೆಟ್ಟರೆ ಎಸೆ: ಯಾರು ಕಲಿಸಿದ ಪಾಠ ಇದು?

(ಸ್ಕೋಕಿಯಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಭಾನುವಾರ ಆಡಿದ ಮಾತುಗಳ ಬರಹರೂಪ)

ಡೆಟ್ರಾಯಿಟ್ಟಿನಿಂದ ಐದು ಗಂಟೆ ಕಾರು ಓಡಿಸಿಕೊಂಡು ಗೆಳೆಯರು ಬಂದಿದ್ದಾರೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ನಮ್ಮ ಮನೆಯ ವಾಷಿಂಗ್ ಮಷೀನಿನ ಬಗ್ಗೆ. ನಗಬೇಡಿ, ವಿಷಯ ಸ್ವಲ್ಪ ಗಂಭೀರವಾಗಿಯೇ ಇದೆ!

ಕಳೆದ ಚಳಿಗಾಲದಲ್ಲಿ ನಮ್ಮ ಮಷೀನು ಕೆಟ್ಟು ನಿಂತಿತು. ತಂದು ಆರು ವರ್ಷ ಆಗಿತ್ತಷ್ಟೇ. ರಿಪೇರಿಯವನು ಬಂದ, ಹತ್ತು ನಿಮಿಷ ನೋಡಿದ, "ಕಂಟ್ರೋಲ್ ಬೋರ್ಡ್ ಹೋಗಿದೆ" ಅಂದ. ಬೋರ್ಡು, ಕೂಲಿ ಎಲ್ಲ ಸೇರಿ 430 ಡಾಲರ್. ಹೊಸ ಮಷೀನೇ 700 ಡಾಲರಿಗೆ ಸಿಗುತ್ತೆ. "ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸದು ತಗೋತಿದ್ದೆ" ಅಂತ ಅವನೇ ಹೇಳಿ ಹೋದ. ನಾನು ಅವತ್ತೇ ರಾತ್ರಿ ಆರ್ಡರ್ ಮಾಡಿದೆ.

ದಾವಣಗೆರೆಯಿಂದ ಬಂದಿದ್ದ ಅಮ್ಮ ಇದನ್ನೆಲ್ಲ ನೋಡ್ತಾ ಕೂತಿದ್ದರು. "ಒಂದು ಬೋರ್ಡ್ ಹೋದರೆ ಇಡೀ ಮಷೀನ್ ಯಾಕೆ ಎಸೀಬೇಕಪ್ಪ? ನೀನು ಇಂಜಿನಿಯರ್ ಅಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡ್ತಿದೀನಿ.

ಮೊದಲು ಒಂದು ಎಚ್ಚರಿಕೆ. "ಹಳೇದೆಲ್ಲ ಗಟ್ಟಿ, ಹೊಸದೆಲ್ಲ ಡಬ್ಬಾ" ಅನ್ನೋದು ಪೂರ್ತಿ ನಿಜ ಅಲ್ಲ. ಐವತ್ತು ವರ್ಷ ಬಾಳಿದ ಫ್ರಿಜ್ಜು ನಮ್ಮ ಕಣ್ಣಿಗೆ ಬೀಳುತ್ತೆ, ಐದೇ ವರ್ಷಕ್ಕೆ ಗುಜರಿ ಸೇರಿದ ಅದರ ಅಣ್ಣತಮ್ಮಂದಿರು ಕಾಣೋದಿಲ್ಲ. ಅಲ್ಲದೆ 1970ರ ದಶಕದಲ್ಲಿ ಅಮೆರಿಕದ ಒಂದು ಫ್ರಿಜ್ಜು ವರ್ಷಕ್ಕೆ ಸುಮಾರು 1800 ಯೂನಿಟ್ ಕರೆಂಟ್ ಕುಡೀತಿತ್ತು. ಇವತ್ತು ಅದಕ್ಕಿಂತ ದೊಡ್ಡ ಫ್ರಿಜ್ಜಿಗೆ ಅದರ ಮೂರನೇ ಒಂದು ಭಾಗ ಸಾಕು. ಹೊಸದನ್ನು ಸುಮ್ಮನೆ ಬೈಯೋದು ನ್ಯಾಯ ಅಲ್ಲ.

ಹಾಗಾದರೆ ಬಾಳಿಕೆ ಕಡಿಮೆ ಆಗಿರೋದು ನಮ್ಮ ಭ್ರಮೆಯೇ? ಅದೂ ಅಲ್ಲ. ಜರ್ಮನಿಯ ಪರಿಸರ ಇಲಾಖೆ ಮಾಡಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ದೊಡ್ಡ ಗೃಹೋಪಕರಣಗಳಲ್ಲಿ ಐದು ವರ್ಷದೊಳಗೇ ಕೆಟ್ಟು ಬದಲಾಯಿಸಬೇಕಾಗಿ ಬಂದವುಗಳ ಪಾಲು 2004ರಲ್ಲಿ ಶೇಕಡ 3.5 ಇತ್ತು, 2012ಕ್ಕೆ ಅದು ಶೇಕಡ 8.3 ಆಯಿತು. ಅದೇ ಅಧ್ಯಯನ ಇನ್ನೂ ಎರಡು ಮಾತು ಹೇಳುತ್ತೆ. ಕಂಪನಿಗಳು ಬೇಕಂತಲೇ ಹೀಗೆ ಮಾಡ್ತಿವೆ ಅನ್ನೋದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಇನ್ನೊಂದು, ಎಷ್ಟೋ ಜನ ಚೆನ್ನಾಗಿ ನಡೀತಿರೋ ಮಷೀನನ್ನೇ ಹೊಸ ಆಸೆಗೆ ಬದಲಾಯಿಸ್ತಾರೆ. ಅಂದರೆ ತಪ್ಪಿನಲ್ಲಿ ನಮ್ಮದೂ ಪಾಲಿದೆ.

ಬೇಕಂತಲೇ ಮಾಡಿದ ಉದಾಹರಣೆ ಚರಿತ್ರೆಯಲ್ಲಿ ಇಲ್ಲವೇ ಇಲ್ಲ ಅಂತಲೂ ಅಲ್ಲ. 1924ರ ಕೊನೆಗೆ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಸೇರಿ 'ಫೀಬಸ್' ಅನ್ನೋ ಕೂಟ ಕಟ್ಟಿಕೊಂಡವು. ಅದರ ಒಪ್ಪಂದದ ಪ್ರಕಾರ ಬಲ್ಬು ಉರೀಬೇಕಾದ್ದು 1000 ಗಂಟೆ. ಅದಕ್ಕಿಂತ ಜಾಸ್ತಿ ಬಾಳುವ ಬಲ್ಬ್ ಮಾಡಿದ ಕಂಪನಿಗೆ ದಂಡ! ಡೆಟ್ರಾಯಿಟ್ ಗೆಳೆಯರಿಗೆ ಅವರ ಊರಿನ ಕತೆ ಗೊತ್ತೇ ಇದೆ. ಹೆನ್ರಿ ಫೋರ್ಡ್ 1908ರಿಂದ 1927ರವರೆಗೆ ಒಂದೇ ಮಾಡೆಲ್-ಟಿ ಕಾರನ್ನು ಒಂದೂವರೆ ಕೋಟಿ ಮಾಡಿ ಮಾರಿದರು. ಅವರನ್ನು ಜನರಲ್ ಮೋಟರ್ಸ್ ಹಿಂದೆ ಹಾಕಿದ್ದು ಹೇಗೆ? ವರ್ಷಕ್ಕೊಂದು ಹೊಸ ರೂಪ ತಂದು. ಕಾರು ಕೆಡಬೇಕಾಗೇ ಇಲ್ಲ, ಹಳೇದಾಯ್ತು ಅಂತ ನಮಗೆ ಅನ್ನಿಸಿದರೆ ಸಾಕು. ಇವತ್ತು ನಮ್ಮ ಫೋನಿಗೂ ಅದೇ ಮಂತ್ರ.

ಈಗ ನಮ್ಮ ವಾಷಿಂಗ್ ಮಷೀನಿಗೆ ಬರೋಣ. ಹಿಂದೆ ಮಷೀನಿನ ಮೆದುಳು ಅಂದರೆ ತಿರುಗಿಸುವ ಒಂದು ಟೈಮರ್. ಈಗ ಆ ಜಾಗದಲ್ಲಿ ಸರ್ಕ್ಯೂಟ್ ಬೋರ್ಡ್ ಇದೆ. ಅದರ ಸುತ್ತ ತೇವ, ಅದುರು, ಬಿಸಿ. ಬೋರ್ಡಿನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಅಂತ ನಾವೆಲ್ಲ ಕಾಲೇಜಿನಲ್ಲಿ ಓದಿದೀವಿ. ಕೆಲವು ಮಷೀನುಗಳಲ್ಲಿ ಪ್ಲಾಸ್ಟಿಕ್ ತೊಟ್ಟಿಯನ್ನು ಬಿಚ್ಚೋಕೆ ಬಾರದ ಹಾಗೆ ಬೆಸೆದಿರ್ತಾರೆ. ಒಳಗಿನ ಚಿಕ್ಕ ಬೇರಿಂಗ್ ಸವೆದರೆ ಇಡೀ ತೊಟ್ಟಿಯನ್ನೇ ಬದಲಾಯಿಸಬೇಕು. ಇದರ ಹಿಂದೆ ದೊಡ್ಡ ಪಿತೂರಿ ಇರಬೇಕಾಗಿಲ್ಲ. ಹತ್ತು ಡಾಲರ್ ಕಡಿಮೆ ಬೆಲೆಯದನ್ನೇ ಆರಿಸುವ ನಾವು, ಎರಡು ಡಾಲರ್ ಉಳಿಸುವ ಡಿಸೈನರ್, ಇಬ್ಬರೂ ಸೇರಿದರೆ ಸಾಕು.

ಇನ್ನೊಂದು ಕಾರಣ ಕೂಲಿಯ ಲೆಕ್ಕ. ಇಲ್ಲಿಂದ ಮೂರು ಗಂಟೆ ದಾರಿಯಲ್ಲಿ ಗೇಲ್ಸ್‌ಬರ್ಗ್ ಅನ್ನೋ ಊರಿದೆ. ಅಲ್ಲಿ ಮೇಟ್ಯಾಗ್ ಕಂಪನಿಯ ಫ್ರಿಜ್ ಕಾರ್ಖಾನೆ ಇತ್ತು. 2004ರಲ್ಲಿ ಅದನ್ನು ಮುಚ್ಚಿ ಕೆಲಸವನ್ನು ಮೆಕ್ಸಿಕೋಗೆ ಸಾಗಿಸಿದರು. ಸುಮಾರು 1600 ಜನರ ಕೆಲಸ ಹೋಯಿತು. ನಮ್ಮ ಮಷೀನೇ ಕೆಡಲ್ಲ, ಅದಕ್ಕೇ ನಮ್ಮ ರಿಪೇರಿಯವನಿಗೆ ಕೆಲಸವಿಲ್ಲ ಅಂತ 1967ರಿಂದ ಜಾಹೀರಾತು ಕೊಡ್ತಿದ್ದ ಕಂಪನಿ ಅದು! 2006ರಲ್ಲಿ ಅದನ್ನು ವರ್ಲ್‌ಪೂಲ್ ಕೊಂಡುಕೊಂಡಿತು. ಮಷೀನು ಮಾಡೋದು ಅಗ್ಗದ ಕೂಲಿಯ ಊರಲ್ಲಿ, ರಿಪೇರಿ ಮಾಡಬೇಕಾದ್ದು ಸ್ಕೋಕಿಯ ಕೂಲಿಯಲ್ಲಿ. ರಿಪೇರಿ ಗೆಲ್ಲೋದು ಹೇಗೆ?

ಇನ್ನು ಗೆಳೆಯರೇ, ನಮ್ಮ ಕಸುಬಿನ ಮಾತು. ಈ ಕೋಣೆಯಲ್ಲಿ ಅರ್ಧ ಜನ ಸಾಫ್ಟ್‌ವೇರಿನವರು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಉಚಿತ ಬೆಂಬಲ ನಿಂತಿತು. ಚೆನ್ನಾಗಿದ್ದ ಎಷ್ಟೋ ಕಂಪ್ಯೂಟರುಗಳು ಅವತ್ತು ಮುದಿಯಾದವು. ಅದೇ ತಿಂಗಳು 2011, 2012ರ ನೆಸ್ಟ್ ಥರ್ಮೋಸ್ಟಾಟುಗಳು ಫೋನಿನ ಮಾತು ಕೇಳೋದನ್ನು ನಿಲ್ಲಿಸಿದವು. ಗೋಡೆಯ ಮೇಲಿನ ಯಂತ್ರ ಕೆಟ್ಟಿರಲಿಲ್ಲ, ಆಚೆಗಿನ ಸರ್ವರಿನ ಬಾಗಿಲು ಮುಚ್ಚಿತ್ತು ಅಷ್ಟೇ. 'ಇನ್ನು ಮುಂದೆ ಬೆಂಬಲವಿಲ್ಲ' ಅನ್ನೋ ಮಿಂಚೆಯನ್ನು ನನ್ನ ಕೆಲಸದಲ್ಲಿ ನಾನೂ ಬರೆದಿದೀನಿ. ಅದರ ಆ ತುದಿಯಲ್ಲಿ ಯಾರದೋ ಅಮ್ಮ ಇರ್ತಾರೆ ಅಂತ ಅವತ್ತು ಹೊಳೆದಿರಲಿಲ್ಲ.

ನಮ್ಮ ಊರಿನ ಮನೆಯಲ್ಲಿ ನಾನು ಹುಟ್ಟುವ ಮೊದಲೇ ತಂದ ಮಿಕ್ಸಿ ಇನ್ನೂ ಚಟ್ನಿ ರುಬ್ಬುತ್ತೆ. ಎರಡು ಸಲ ಕಾಯಿಲ್ ಸುತ್ತಿಸಿದಾರೆ, ಕಾರ್ಬನ್ ಬ್ರಷ್ ಎಷ್ಟು ಸಲ ಹಾಕಿಸಿದಾರೋ ಲೆಕ್ಕವಿಲ್ಲ. ಭಾರತದ ಮಿಕ್ಸಿಯ ಕತೆ ಶುರುವಾದದ್ದೇ ರಿಪೇರಿಯಿಂದ. 1960ರ ದಶಕದಲ್ಲಿ ಮಾಥುರ್ ಅನ್ನೋ ಇಂಜಿನಿಯರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸಿ ಸುಟ್ಟುಹೋಯಿತು, ಇಲ್ಲಿ ರಿಪೇರಿ ಆಗಲಿಲ್ಲ. ನಮ್ಮ ಅಡುಗೆಗೆ ತಡೆಯುವ ಮೋಟರ್ ಹಾಕಿ ಅವರೇ ಒಂದು ಮಿಕ್ಸಿ ಮಾಡಿದರು, ಅದು 'ಸುಮೀತ್' ಆಯಿತು. ಇವತ್ತು ನಮ್ಮೂರಿನ ಮಿಕ್ಸಿ ರಿಪೇರಿಯ ಅಣ್ಣನ ಮಗ ಆ ಕೆಲಸಕ್ಕೆ ಬಂದಿಲ್ಲ. ಹೊಸ ಮಷೀನುಗಳ ಸರ್ಕ್ಯೂಟ್ ನಕ್ಷೆ ಅವರ ಅಂಗಡಿಗೆ ಸಿಗಲ್ಲ, ಬಿಡಿಭಾಗ ಸಿಗಲ್ಲ, ಕೈಪಿಡಿ ಸಿಕ್ಕರೂ ಕನ್ನಡದಲ್ಲಿರಲ್ಲ. ಒಂದು ಅಂಗಡಿ ಮುಚ್ಚಿದರೆ ನಲವತ್ತು ವರ್ಷದ ಕೈಯ ತಿಳಿವಳಿಕೆ ಹೋಗುತ್ತೆ. ಕನ್ನಡದಲ್ಲೇ ಕಲಿತು ಕನ್ನಡದಲ್ಲೇ ಕಲಿಸಿದ ತಂತ್ರಜ್ಞಾನ ಅದು, ನೆನಪಿರಲಿ.

ದಾರಿ ಇಲ್ಲವೇ? ಇದೆ. ಯೂರೋಪಿನಲ್ಲಿ 2021ರಿಂದ ವಾಷಿಂಗ್ ಮಷೀನಿನ ಮುಖ್ಯ ಬಿಡಿಭಾಗಗಳನ್ನು ಹತ್ತು ವರ್ಷ ಒದಗಿಸಲೇಬೇಕು. ಕ್ಯಾಲಿಫೋರ್ನಿಯಾ, ಮಿನೆಸೋಟಾಗಳ ರಿಪೇರಿ ಹಕ್ಕಿನ ಕಾನೂನುಗಳು 2024ರ ಜುಲೈನಲ್ಲಿ ಜಾರಿಗೆ ಬಂದವು. ಭಾರತ ಸರ್ಕಾರವೂ 2022ರಲ್ಲಿ ಇದಕ್ಕೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ನಾವು ಮಾಡಬಹುದಾದ್ದು ಮೂರು. ಕೊಳ್ಳುವ ಮುಂಚೆ ಬೆಲೆಯ ಜೊತೆಗೆ "ಬಿಡಿಭಾಗ ಎಷ್ಟು ವರ್ಷ ಸಿಗುತ್ತೆ?" ಅಂತ ಕೇಳೋದು. ಇಲಿನಾಯ್ಸ್, ಮಿಶಿಗನ್ನಿನ ನಮ್ಮ ಶಾಸಕರಿಗೆ ಈ ಬಗ್ಗೆ ಬರೆಯೋದು. ಕರ್ನಾಟಕದಲ್ಲಿ ಮಾರುವ ಕಂಪನಿಗಳಿಗೆ ಕೈಪಿಡಿಯನ್ನೂ ರಿಪೇರಿ ಮಾಹಿತಿಯನ್ನೂ ಕನ್ನಡದಲ್ಲಿ ಕೊಡಿ ಅಂತ ಒತ್ತಾಯಿಸೋದು. ಅಲ್ಲಿ ಗಿರಾಕಿಗಳು ನಮ್ಮವರೇ ಅಲ್ವೇ?

ಕೊನೆಗೆ ಒಂದು ಕಾಗದ ತೋರಿಸ್ತೀನಿ. ಹೊಸ ಮಷೀನು ಬಂದ ದಿನ ಹಳೇದನ್ನು ಹೊರಗೆ ಎಳೆಯುವಾಗ ಅದರ ಮುಂದಿನ ತಗಡು ಕಳಚಿತು. ಒಳಗೆ ಮಡಚಿ ಅಂಟಿಸಿದ್ದ ಈ ಕಾಗದ ಇತ್ತು. ರಿಪೇರಿಯವರಿಗಾಗಿ ಕಂಪನಿ ಇಟ್ಟದ್ದು. ಸರ್ಕ್ಯೂಟ್ ನಕ್ಷೆ, ಯಾವ ವೈರಿನಲ್ಲಿ ಎಷ್ಟು ಓಮ್ ಬರಬೇಕು, ದೋಷ ಪತ್ತೆ ಹೇಗೆ, ಎಲ್ಲ ಇದರಲ್ಲಿದೆ. ಆರು ವರ್ಷ ನನ್ನ ಮನೆಯಲ್ಲೇ ಇತ್ತು. ಒಂದು ಸಲವೂ ಸ್ಕ್ರೂಡ್ರೈವರ್ ಹಿಡಿದಿರಲಿಲ್ಲ ನಾನು. ಲಾರಿ ಬಾಗಿಲಲ್ಲಿ ನಿಂತಿತ್ತು, ಇಬ್ಬರು ಕಾಯ್ತಿದ್ದರು. ಕಾಗದ ಕಿಸೆಗೆ ಹಾಕಿಕೊಂಡೆ, ಮಷೀನನ್ನು ಕಳಿಸಿಬಿಟ್ಟೆ. ನಿಜವಾಗಿ ಬೋರ್ಡೇ ಹೋಗಿತ್ತೋ ಇಲ್ಲವೋ, ಇನ್ನು ಗೊತ್ತಾಗೋದಿಲ್ಲ.

ಅಮ್ಮ ಏನೂ ಅನ್ನಲಿಲ್ಲ. ಊರಿಗೆ ಹೊರಡುವ ಮುಂಚೆ ಮಾತ್ರ, "ಹೊಸದರ ಒಳಗೂ ಅಂಥಾ ಚೀಟಿ ಇರುತ್ತಾ ನೋಡಿಟ್ಟಿರು" ಅಂದರು. ನೋಡಿದೆ. ಇದೆ. ನಿಮ್ಮ ಮನೆಯದರಲ್ಲೂ ಇರಬಹುದು, ಇವತ್ತು ಸಂಜೆ ನೋಡ್ತೀರಲ್ಲ?